ನಿನ್ನ ಹಾಗೆ ನಾನು

ಮಯೂರ್ ವಿಹಾರ್ ಫೇಸ್ ಒನ್
ದೆಹಲಿ
9 ಫೆಬ್ರವರಿ 2025

ಪ್ರೀತಿಯ ಸೊಸೆ ಹರ್ಷಿಣಿಗೆ ಅತ್ತೆ ಅಮ್ಮಣ್ಣಿಯ ಆಶೀರ್ವಾದಗಳು.

ನಾನು ಕಾಗದ ಬರೆದದ್ದು ನೋಡಿ ನಿನಗೆ ಆಶ್ಚರ್ಯ ಆಗಬಹುದು. ಫೋನ್ ಮಾಡಿದರೆ ಎಂತ ಆಗುತ್ತದೆ ಅಂತ ನಿನಗೂ ಗೊತ್ತು. ನೀನು ಹಲೋ ಅನ್ನುತ್ತಿ ನಾನು ಊಟ ಆಯಿತಾ ಅನ್ನುತ್ತೇನೆ ನೀನು ಆಯಿತು ಅನ್ನುತ್ತಿ. ಆಮೇಲೆ ಇಬ್ಬರೂ ಫೋನ್ ಹಿಡಿದುಕೊಂಡು ಕೂತಿರುವುದು. ಮೊನ್ನೆ ಹಾಗೆ ಕೂತಿದ್ದಾಗ ನಿಮ್ಮ ಮನೆಯ ಮಿಕ್ಸಿ ತಿರುಗುವ ಶಬ್ದ ಕೇಳುತ್ತಾ ಇತ್ತು. ಅದು ನಿಂತ ಮೇಲೆ ನಾನು ಫೋನ್ ಇಟ್ಟೆ. ಅದಕ್ಕಿಂತ ಕಾಗದ ವಾಸಿ ಅಂತ ಕಂಡಿತು. ನಾವಿಬ್ಬರೂ ಬಾಯಲ್ಲಿ ಆಡುವುದು ತುಳು ಬರೆಯುವಾಗ ಕನ್ನಡ. ನಿನಗೆ ಕನ್ನಡ ತಿದ್ದುವುದೇ ಕೆಲಸ ನನ್ನದು ಏಳನೇ ಕ್ಲಾಸಿನ ಕನ್ನಡ. ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಹೋಟೆಲು ತೆರೆದಿದ್ದೇನೆ. ತಿಲಕನ ಉತ್ತರಕ್ರಿಯೆ ಮುಗಿದು ನಿನ್ನ ಅಣ್ಣ ನಿನ್ನನ್ನು ಪುತ್ತೂರಿಗೆ ಕರಕೊಂಡು ಹೋದ ಮಾರನೇ ದಿನವೇ ತೆರೆದೆ. ಮನೆಯಲ್ಲಿ ಕೂತು ಎಂತ ಮಾಡುವುದು ಹೇಳು. ನಿನ್ನ ಮಾವ ಹೋದ ಮೇಲೆ ಗಲ್ಲಾದಲ್ಲಿ ಕೂತು ಅಭ್ಯಾಸ ಆಗಿದೆ. ದುಡ್ಡು ತಗೊಳ್ಳುತ್ತೇನೆ ಚಿಲ್ಲರೆ ಕೊಡುತ್ತೇನೆ. ಕೈ ತನ್ನಷ್ಟಕ್ಕೆ ಮಾಡುತ್ತದೆ. ಸಾಂಬಾರಿಗೆ ಉಪ್ಪು ಸಾಕೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಬಿಸಿ ಗೊತ್ತಾಗುತ್ತದೆ ರುಚಿ ಗೊತ್ತಾಗುವುದಿಲ್ಲ. ದೋಸೆ ಹುಯ್ಯುವ ತನಿಯಪ್ಪನ ಹತ್ತಿರ ಇನ್ನು ಮೇಲೆ ನೀನೇ ನೋಡು ಮಾರಾಯ ಅಂದೆ. ಅವ ಆಯ್ತು ಅಮ್ಮ ಅಂದ.

ತಿಲಕನ ಕಾರಿಗೆ ಟ್ರಕ್ಕು ಹೊಡೆದ ದಿನ ಇದ್ದ ಮಂಜು ಈಗ ಇಲ್ಲ. ಗ್ರೇಟರ್ ನೋಯ್ಡಾದ ರಸ್ತೆ ಈಗ ದೂರದವರೆಗೆ ಕಾಣುತ್ತದಂತೆ. ನಿಮ್ಮ ಅಲ್ಲಿಯ ಬಾಡಿಗೆ ಮನೆಯ ಸಾಮಾನೆಲ್ಲ ಇಲ್ಲಿಗೆ ತಂದು ಹಾಕಿಸಿದ್ದೇನೆ. ಒಳಗಿನ ಕೋಣೆ ನಿನಗೆ ಅಂತ ಬಿಟ್ಟಿದ್ದೇನೆ. ರಜೆ ಮುಗಿದ ಮೇಲೆ ಬಾ. ನಿನ್ನ ನೋಯ್ಡಾ ಆಫೀಸಿಗೆ ಇಲ್ಲಿಂದ ಮೆಟ್ರೋ ಉಂಟು. ನನಗೆ ನೀನು ಬಿಟ್ಟರೆ ಇನ್ನು ಇಲ್ಲಿ ಯಾರೂ ಇಲ್ಲ. ಒತ್ತಾಯ ಇಲ್ಲ.

ಆಶೀರ್ವಾದಗಳೊಂದಿಗೆ
ಅಮ್ಮಣ್ಣಿ


ಪುತ್ತೂರು
22 ಫೆಬ್ರವರಿ 2025

ಪ್ರೀತಿಯ ಅತ್ತೆಗೆ ಹರ್ಷಿಣಿಯ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಪೋಸ್ಟ್‌ಮ್ಯಾನ್ ನನ್ನ ಹೆಸರು ಕೂಗಿದಾಗ ಬ್ಯಾಂಕಿನದೋ ಇನ್ಶೂರೆನ್ಸಿನದೋ ಇರಬೇಕೆಂದು ಹೊರಗೆ ಹೋದೆ. ನಿಮ್ಮ ಅಕ್ಷರ ಕಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ.

ಅತ್ತೆ, ನಿಮ್ಮ ಪತ್ರದಲ್ಲಿ ಒಂದೇ ಒಂದು ಅಲ್ಪವಿರಾಮ ಇಲ್ಲ. ಮೊದಲ ಸಲ ಅಲ್ಪವಿರಾಮ ಹಾಕಿಕೊಳ್ಳುತ್ತಾ ಓದಿದೆ, ಎರಡನೆಯ ಸಲ ವಿಷಯಕ್ಕಾಗಿ ಓದಿದೆ. ಬೇಸರ ಮಾಡಿಕೊಳ್ಳಬೇಡಿ, ಇದು ನನ್ನ ಕೆಲಸದ ಚಟ. ದಿನವಿಡೀ ಮೊಬೈಲ್ ಆ್ಯಪ್‌ಗಳ ಕನ್ನಡ ತಿದ್ದಿ ತಿದ್ದಿ ನನ್ನ ಕಣ್ಣು ಹೀಗಾಗಿದೆ. ತಿಲಕ್ ಹೇಳುತ್ತಿದ್ದರು, ಅಮ್ಮನ ಮೆಸೇಜು ಓದಿ ಮುಗಿಸುವಷ್ಟರಲ್ಲಿ ಮೂರು ಮಹಡಿ ಹತ್ತಿದಷ್ಟು ಏದುಸಿರು ಬರುತ್ತದೆ ಎಂದು. ಅದನ್ನು ನಿಮಗೆ ಹೇಳಬೇಡ ಎಂದೂ ಹೇಳಿದ್ದರು. ಈಗ ಹೇಳಿದೆ.

ಇಲ್ಲಿ ನನ್ನನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾನು ಕೋಣೆಗೆ ಬಂದರೆ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. ನನಗೆ ಅಳು ಬರುತ್ತಿಲ್ಲ. ಅಮ್ಮ ಇದನ್ನು ಪಕ್ಕದ ಮನೆಯವರಿಗೆಲ್ಲ ಹೇಳಿದ್ದಾರೆ, ಯಾರೋ ಬಂದು ಅತ್ತುಬಿಡು ಮಗಾ ಎಂದು ಬೆನ್ನು ಸವರಿ ಹೋಗುತ್ತಾರೆ. ಕಳೆದ ವಾರ ಬಾಗಿಲ ಸಂದಿಗೆ ಬೆರಳು ಸಿಕ್ಕಿತು. ಉಗುರು ಕಪ್ಪಾದದ್ದನ್ನು ಅಮ್ಮ ತೋರಿಸಿ ಕೇಳುವವರೆಗೆ ನನಗೆ ಗೊತ್ತೇ ಇರಲಿಲ್ಲ.

ಆಫೀಸಿನ ಸಿಂಚನಾ ಫೋನ್ ಮಾಡಿದ್ದಳು. ಸಂಬಳವಿಲ್ಲದ ರಜೆ ಜುಲೈ ಕೊನೆಯವರೆಗೆ ಸಿಗುತ್ತದೆ. ಆಗಸ್ಟ್ ಒಂದಕ್ಕೆ ಬರದಿದ್ದರೆ ಕೆಲಸ ಹೋಗುತ್ತದೆ. ಬರುತ್ತೇನೆ, ಅತ್ತೆ. ಒಳಗಿನ ಕೋಣೆಯೇ ಬೇಕೆಂದಿಲ್ಲ, ಎಲ್ಲಿ ಮಲಗಲು ಹೇಳಿದರೂ ಆದೀತು.

ಉಪ್ಪು ನೋಡುವುದನ್ನು ಪೂರ್ತಿ ಬಿಡಬೇಡಿ.

ನಿಮ್ಮ ಪ್ರೀತಿಯ ಸೊಸೆ,
ಹರ್ಷಿಣಿ


ಮಯೂರ್ ವಿಹಾರ್ ಫೇಸ್ ಒನ್
ದೆಹಲಿ
30 ಮಾರ್ಚ್ 2025

ಹರ್ಷಿಣಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ತುಂಬ ದಿನ ಆಯಿತು. ಉತ್ತರ ಬರೆಯಲು ಕೈ ಬರಲಿಲ್ಲ. ಪರೀಕ್ಷೆ ಮುಗಿದ ಮಕ್ಕಳನ್ನು ಕರಕೊಂಡು ಜನ ಬರುತ್ತಾ ಇದ್ದಾರೆ ಹೋಟೆಲಿನಲ್ಲಿ ಪುರುಸೊತ್ತಿಲ್ಲ.

ಇವತ್ತು ಯುಗಾದಿ ಅಂತ ಕನ್ನಡದವರು ಒಬ್ಬಟ್ಟು ಕೇಳಿಕೊಂಡು ಬಂದಿದ್ದರು. ಈ ವರ್ಷ ಮಾಡಲಿಲ್ಲ ಅಂದೆ. ಒಬ್ಬಳು ಅಯ್ಯೋ ಪಾಪ ಅಂದಳು. ಇನ್ನೊಬ್ಬಳು ಹೋಟೆಲು ಮಾತ್ರ ಒಂದು ದಿನವೂ ಮುಚ್ಚಲಿಲ್ಲವಲ್ಲ ಅಂದಳು. ನನಗೆ ಕೇಳಲಿ ಅಂತಲೇ ಅಂದದ್ದು. ಜನ ಎಂತ ಬೇಕಾದರೂ ಹೇಳಲಿ. ನಿನ್ನ ಹಾಗೆ ನಾನು ಅವನನ್ನು ಮರೆತಿಲ್ಲ ಮರೆಯುವುದೂ ಇಲ್ಲ.

ನನ್ನ ತಮ್ಮ ಸುರೇಶ ಊರಿಂದ ಫೋನ್ ಮಾಡಿದ್ದ. ನಿಮ್ಮ ಕಡೆ ಮದುವೆ ಇತ್ತಂತೆ. ಬೇರೆ ವಿಶೇಷ ಇಲ್ಲ.

ಅಮ್ಮಣ್ಣಿ


ಮಯೂರ್ ವಿಹಾರ್ ಫೇಸ್ ಒನ್
ದೆಹಲಿ
11 ಮೇ 2025

ಹರ್ಷಿಣಿಗೆ ಆಶೀರ್ವಾದಗಳು.

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಸಿಕ್ಕಿತೋ ಇಲ್ಲವೋ ಅಂತ ಈ ಇನ್ನೊಂದು. ಒಂದು ಸಲ ಫೋನ್ ಮಾಡಿದೆ ನಿನ್ನ ಅಮ್ಮ ತೆಗೆದು ಅವಳು ಮಲಗಿದ್ದಾಳೆ ಅಂದರು. ಬೆಳಗ್ಗೆ ಹನ್ನೊಂದಕ್ಕೆ ಯಾರು ಮಲಗುತ್ತಾರೆ ಅಂತ ಕೇಳಲು ಹೋದೆ ಕೇಳಲಿಲ್ಲ.

ಇಲ್ಲಿ ಬಿಸಿಲು ಶುರುವಾಯಿತು. ಮಧ್ಯಾಹ್ನ ಲೂ ಬಿಸಿಗಾಳಿ ಬೀಸುತ್ತದೆ ನಾಯಿಗಳೂ ರಸ್ತೆಯಲ್ಲಿಲ್ಲ. ನಿನ್ನ ಕೋಣೆಗೆ ಕೂಲರ್ ಹಾಕಿಸಿದೆ. ಕೂಲರಿನ ಭಯ್ಯಾ ಈ ಕೋಣೆಯಲ್ಲಿ ಕೌನ್ ರಹೇಗಾ ಆಂಟಿ ಅಂತ ಕೇಳಿದ. ಬಹೂ ಅಂದೆ. ಅಚ್ಛಾ ಬೇಟಾ ಬಹೂ ಆ ರಹೇ ಹೈಂ ಅಂದ. ಮಗನೂ ಸೊಸೆಯೂ ಬರುತ್ತಾರೆ ಅಂತ ತಿಳಿದ. ನಾನು ಹಾಂ ಅಂದುಬಿಟ್ಟೆ. ಅವನಿಗೆ ಎಂತ ವಿವರಿಸುವುದು.

ಬರುವ ದಿನ ಬರೆ. ಸ್ಟೇಷನ್ನಿಗೆ ತನಿಯಪ್ಪನನ್ನು ಕಳಿಸುತ್ತೇನೆ.

ಅಮ್ಮಣ್ಣಿ


ಪುತ್ತೂರು
2 ಜೂನ್ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಎರಡೂ ಪತ್ರಗಳು ತಲುಪಿವೆ. ಉತ್ತರ ತಡವಾದುದಕ್ಕೆ ಕ್ಷಮೆ ಇರಲಿ.

ಕೆಲಸ ಬಿಡಬೇಕೆಂದಿದ್ದೇನೆ. ರಾಜೀನಾಮೆ ಬರೆದು ಇಟ್ಟಿದ್ದೇನೆ, ಇನ್ನೂ ಕಳಿಸಿಲ್ಲ, ಈ ತಿಂಗಳಲ್ಲಿ ಕಳಿಸುತ್ತೇನೆ. ಆದ್ದರಿಂದ ದೆಹಲಿಗೆ ಬರುವ ಅಗತ್ಯ ಬೀಳುವುದಿಲ್ಲ. ನನ್ನ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಇರುವುದು ಏನೆಂದು ತಿಳಿದ ಮೇಲೆ ಅಲ್ಲಿ ಬಂದು ನಿಮ್ಮ ಕಣ್ಣೆದುರು ಇರುವುದು ನಿಮಗೂ ಕಷ್ಟ, ನನಗೂ ಕಷ್ಟ.

ನನ್ನ ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಿ. ತಿಲಕ್ ಅವರ ವಸ್ತುಗಳು ನಿಮ್ಮವೇ. ಕೂಲರ್ ನೀವು ಉಪಯೋಗಿಸಿ.

ಇತಿ,
ಹರ್ಷಿಣಿ


ಮಯೂರ್ ವಿಹಾರ್ ಫೇಸ್ ಒನ್
ದೆಹಲಿ
15 ಜೂನ್ 2025

ಹರ್ಷಿಣಿಗೆ

ಓಹೋ. ಕ್ಷಮೆ ಇರಲಿ ಅಂತೆ ಇತಿ ಅಂತೆ. ನಾನೇನು ನಿನ್ನ ಆಫೀಸಿನ ಮ್ಯಾನೇಜರಾ?

ನನ್ನ ಮನಸ್ಸಿನಲ್ಲಿ ಇರುವುದು ನಿನಗೆ ಹೇಗೆ ತಿಳಿಯಿತು? ಸುರೇಶ ನಿನ್ನ ಹತ್ತಿರವೂ ಬಾಯಿ ಬಿಟ್ಟನಾ? ಅವನ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಹೋಗಲಿ. ಗೊತ್ತಾಯಿತಲ್ಲ ಇನ್ನು ಮುಚ್ಚಿಡುವುದು ಎಂತಕ್ಕೆ. ನಿನ್ನ ಚಿಕ್ಕಪ್ಪನ ಮಗಳು ಇಂಚರಾಳ ಮದುವೆಗೆ ಅವನೂ ಹೋಗಿದ್ದ. ನೀನು ಊಟದ ಹಾಲಿನ ಬಾಗಿಲಲ್ಲಿ ನಿಂತು ನಗುತ್ತಾ ಇದ್ದಿಯಂತೆ. ಒಬ್ಬಳೇ ನಿಂತು ಬಾಯಿಗೆ ಕೈ ಹಿಡಿದುಕೊಂಡು ನಗುತ್ತಾ ಇದ್ದಿ ಮುಡಿಯಲ್ಲಿ ಮಲ್ಲಿಗೆ ಇತ್ತು ಅಂದ. ಅಕ್ಕ ನೀನು ಅಲ್ಲಿ ಅವಳಿಗೆ ಕೋಣೆ ರೆಡಿ ಮಾಡುತ್ತಾ ಇದ್ದಿ ಅವಳಿಗೆ ಇಲ್ಲಿ ಇನ್ನೊಂದು ಮದುವೆಗೆ ಬೇರೆ ಮನೆ ನೋಡುತ್ತಾರೆ ಅಂತಲೂ ಅಂದ.

ಮಾರ್ಚಿನಲ್ಲೇ ಹೇಳಿದ್ದು. ನಾನು ನಿನ್ನನ್ನು ಕೇಳಲಿಲ್ಲ. ನಿನಗೆ ಸಣ್ಣ ಪ್ರಾಯ. ನಗಬೇಡ ಅಂತ ಹೇಳಲು ನಾನು ಯಾರು. ಆದರೂ ಎರಡೂವರೆ ತಿಂಗಳು ನುಂಗಿಕೊಂಡು ಕೂತವಳು ನಾನು. ಕೂಲರ್ ಹಾಕಿಸಿದವಳೂ ನಾನು. ಬರುವುದಿಲ್ಲ ಅಂತಾದರೆ ಬರಬೇಡ. ರಾಜೀನಾಮೆ ಕಳಿಸು.

ನಿನ್ನ ಬಟ್ಟೆ ಯಾರಿಗೂ ಕೊಡುವುದಿಲ್ಲ. ಬೇಕಾದರೆ ನೀನೇ ಬಂದು ತೆಗೆದುಕೊಂಡು ಹೋಗು.

ಅಮ್ಮಣ್ಣಿ


ಪುತ್ತೂರು
27 ಜೂನ್ 2025

ಅತ್ತೆ,

ಸುರೇಶ ಮಾವ ನನಗೆ ಏನೂ ಹೇಳಿಲ್ಲ. ನನಗೆ ಹೇಳಿದವರು ನೀವು. ಮಾರ್ಚ್ ಮೂವತ್ತರ ಪತ್ರದಲ್ಲಿ ನಿಮ್ಮ ಕೈಯಾರೆ ಬರೆದಿದ್ದೀರಿ: ‘ನಿನ್ನ ಹಾಗೆ ನಾನು ಅವನನ್ನು ಮರೆತಿಲ್ಲ ಮರೆಯುವುದೂ ಇಲ್ಲ.’

ಈ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೊದಲ ದಿನ ಓದಿದಾಗ ಇದ್ದದ್ದು ಒಂದೇ ಅರ್ಥ. ನೀನು ಅವನನ್ನು ಮರೆತೆ, ನಾನು ಮರೆತಿಲ್ಲ. ಅದಕ್ಕೇ ಉತ್ತರ ಬರೆಯಲಿಲ್ಲ. ಈಗ ನಿಮ್ಮ ಈ ಪತ್ರ ಬಂದ ಮೇಲೆ, ಕೂಲರ್ ಹಾಕಿಸಿದವರು ಹಾಗೆ ಬರೆದಾರೇ ಎಂದು ಅನುಮಾನ ಬಂತು. ಆಫೀಸಿನಲ್ಲಿ ಹುಡುಗರಿಗೆ ಹೇಳಿಕೊಡುವ ಹಾಗೆ ಆ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು ನೋಡಿದೆ.

ಅಲ್ಪವಿರಾಮ ಇರುವುದು ಉಸಿರು ತೆಗೆದುಕೊಳ್ಳಲಿಕ್ಕೆ ಎಂದು ಶಾಲೆಯಲ್ಲಿ ಹೇಳುತ್ತಾರೆ. ಉಸಿರನ್ನು ಓದುವವರು ಎಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು. ಯಾವ ಮಾತು ಯಾವುದಕ್ಕೆ ಅಂಟಿಕೊಂಡಿದೆ ಎಂದು ತೋರಿಸಲು ಅದು ಬೇಕು. ‘ನಿನ್ನ ಹಾಗೆ’ ಎಂದು ಬರೆದು ಅಲ್ಲೊಂದು ಅಲ್ಪವಿರಾಮ ಹಾಕಿದರೆ, ‘ನಿನ್ನ ಹಾಗೆ, ನಾನು ಅವನನ್ನು ಮರೆತಿಲ್ಲ’ ಎಂದಾಗುತ್ತದೆ. ಆಗ ನಾನೂ ಮರೆತಿಲ್ಲ, ನೀವೂ ಮರೆತಿಲ್ಲ, ಇಬ್ಬರೂ ಒಂದೇ ಕಡೆ. ಅದನ್ನು ಹಾಕದಿದ್ದರೆ ‘ನಿನ್ನ ಹಾಗೆ’ ಎನ್ನುವುದು ಹೋಗಿ ‘ಮರೆತಿಲ್ಲ’ದೊಳಗಿನ ಮರೆಯುವುದಕ್ಕೆ ಅಂಟಿಕೊಳ್ಳುತ್ತದೆ, ನೀನು ಮರೆತ ಹಾಗೆ ನಾನು ಮರೆತಿಲ್ಲ ಎಂದಾಗುತ್ತದೆ. ಆಗ ಮರೆತವಳು ನಾನು. ‘ನಾನೂ’ ಎಂದು ಒಂದು ದೀರ್ಘ ಎಳೆದಿದ್ದರೂ ಸಾಕಾಗುತ್ತಿತ್ತು. ತುಳುವಿನಲ್ಲಿ ಎದುರು ಕೂತು ಹೇಳಿದ್ದರೆ ನಿಮ್ಮ ಸ್ವರದಲ್ಲೇ ಗೊತ್ತಾಗುತ್ತಿತ್ತು.

ಇನ್ನು ಮದುವೆಯ ವಿಷಯ. ಮಲ್ಲಿಗೆ ಮುಡಿಸಿದವರು ಚಿಕ್ಕಮ್ಮ. ಬೇಡ ಎನ್ನಲು ಬಾಯಿ ಬೇಕಲ್ಲ, ಆ ದಿನಗಳಲ್ಲಿ ಯಾರು ಏನು ಮಾಡಿದರೂ ಸುಮ್ಮನೆ ನಿಂತಿರುತ್ತಿದ್ದೆ. ನಕ್ಕದ್ದು ನಿಜ. ಊಟದ ಹಾಲಿನ ಬಾಗಿಲಲ್ಲಿ ಒಂದು ಬೋರ್ಡು ಇತ್ತು: ‘ಕೈ ತೊಳೆಯುವ ನೀರು ಕುಡಿಯುವ ನೀರು ಇಲ್ಲಿ.’ ನಡುವೆ ಅಲ್ಪವಿರಾಮ ಇಲ್ಲ. ಕೈ ತೊಳೆಯುವ ನೀರೇ ಇಲ್ಲಿ ಕುಡಿಯುವ ನೀರು, ಹಾಗಿತ್ತು ಅದರ ಅರ್ಥ. ಇಂಥ ಬೋರ್ಡು ಎಲ್ಲಿ ಕಂಡರೂ ತಿಲಕ್ ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು, ಮೇಡಂಗೆ ಕೆಲಸ ಬಂತು ನೋಡಿ ಎಂದು ಬರೆಯುತ್ತಿದ್ದರು. ಈ ಸಲ ಮೊದಲು ನನಗೆ ಸಿಕ್ಕಿತಲ್ಲ ಎಂದು ನಗು ಬಂತು. ಫೋನ್ ತೆಗೆದು ಫೋಟೋ ಹೊಡೆದೆ. ಅವರ ಹೆಸರು ಒತ್ತಿ ಕಳಿಸಿಯೂ ಆಯಿತು. ಆಮೇಲೆ ನೆನಪಾಯಿತು. ಸುರೇಶ ಮಾವ ಅಷ್ಟು ಹೊತ್ತು ನಿಂತು ನೋಡಿರಲಿಕ್ಕಿಲ್ಲ.

ಬೇರೆ ಮನೆ ನೋಡುವ ಮಾತು ಅಣ್ಣ ಎತ್ತಿದ್ದಾನೆ. ನಾನು ಹೂಂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ಯಾವುದನ್ನೂ ಅನ್ನುವ ಶಕ್ತಿ ಇಲ್ಲ.

ನಿಮ್ಮ ಆ ಸಾಲಿನಲ್ಲಿ ಅಲ್ಪವಿರಾಮ ಇದೆಯೋ ಇಲ್ಲವೋ ಹೇಳಿ. ನಿಮ್ಮ ಉತ್ತರ ಬರುವವರೆಗೆ ರಾಜೀನಾಮೆ ಕಳಿಸುವುದಿಲ್ಲ. ಇದ್ದರೆ ಬರುತ್ತೇನೆ.

ಹರ್ಷಿಣಿ


ಮಯೂರ್ ವಿಹಾರ್, ಫೇಸ್ ಒನ್
ದೆಹಲಿ
16 ಜುಲೈ, 2025

ಪ್ರೀತಿಯ, ಹರ್ಷಿಣಿಗೆ, ಆಶೀರ್ವಾದಗಳು.

ನಾನು, ಇಲ್ಲಿ, ಕ್ಷೇಮ. ನಿನ್ನ ಕಾಗದ ಪಕ್ಕದಲ್ಲಿ ಇಟ್ಟುಕೊಂಡು, ಹಾಕುತ್ತಾ ಇದ್ದೇನೆ. ಹೆಚ್ಚಾದದ್ದನ್ನು, ತೆಗೆದುಬಿಡು. ಸಾರಿಗೆ ಉಪ್ಪು ಹಾಕಿದ ಹಾಗೆ ಆಯಿತು ನನ್ನ ಅಂದಾಜು.

ಉತ್ತರ ಕೂಡಲೇ ಬರೆಯಲಿಲ್ಲ. ಇಷ್ಟು ಸಣ್ಣ ಗೆರೆಗೆ ಇಷ್ಟು ದೊಡ್ಡ ರಾದ್ಧಾಂತವಾ ಅಂತ ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಓದಿದವಳ ಅಹಂಕಾರ ಅಂತ ಅಂದುಕೊಂಡೆ. ಆಮೇಲೆ ಹೋಟೆಲಿನಲ್ಲಿ ಒಂದು ಫಜೀತಿ ಆಯಿತು, ಕೇಳು.

ಇಲ್ಲಿ ಈಗ ಸಾವನ್, ಇಲ್ಲಿಯವರ ಶ್ರಾವಣ ತಿಂಗಳು. ವ್ರತ ಅಂತ ತುಂಬ ಜನ ಈರುಳ್ಳಿ ಮುಟ್ಟುವುದಿಲ್ಲ. ಪಾಕೆಟ್ ತ್ರೀ ಬಡಾವಣೆಯ ಒಬ್ಬ ಆಂಟಿ ಫೋನಿನಲ್ಲಿ ಮಸಾಲೆ ದೋಸೆ ಹೇಳಿದಳು, ಈರುಳ್ಳಿಯೂ ಬೇಡ, ಸಾಂಬಾರೂ ಬೇಡ, ಚಟ್ನಿ ಸಾಕು ಅಂದಳು. ನಾನು ಚೀಟಿಯಲ್ಲಿ ‘ಈರುಳ್ಳಿ ಸಾಂಬಾರ್ ಬೇಡ’ ಅಂತ ಬರೆದು ಒಳಗೆ ಕೊಟ್ಟೆ. ತನಿಯಪ್ಪ ಎಂತ ಮಾಡಿದ ಗೊತ್ತುಂಟಾ? ಈರುಳ್ಳಿ ಸಾಂಬಾರ್ ಬೇಡ ಅಂತಾದರೆ ನುಗ್ಗೆಕಾಯಿ ಸಾಂಬಾರ್ ಅಂತ ಅದನ್ನು ಕಟ್ಟಿದ. ದೋಸೆಯೊಳಗಿನ ಪಲ್ಯದಲ್ಲಿ ಯಾವತ್ತಿನ ಹಾಗೆ ಈರುಳ್ಳಿ. ಆಂಟಿ ಪೊಟ್ಟಣ ಹಿಡಿದುಕೊಂಡೇ ಬಂದಳು. ‘ಸಾವನ್ ಚಲ್ ರಹಾ ಹೈ ಜೀ, ಮೇರಾ ವ್ರತ್ ತುಡವಾ ದಿಯಾ’ ಅಂತ ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದಳು. ನಾನು ತನಿಯಪ್ಪನಿಗೆ ಬೈದೆ. ಅವ ಚೀಟಿ ತಂದು ನನ್ನ ಮುಂದೆ ಹಿಡಿದ. ‘ನೀವೇ ಓದಿ ಅಮ್ಮ, ಎಂತ ಬರೆದದ್ದು ಇದು?’ ಅಂದ. ಓದಿದೆ. ಅವ ಓದಿದ್ದು ತಪ್ಪಲ್ಲ. ಈರುಳ್ಳಿ ಆದ ಮೇಲೆ ಒಂದು ಗೆರೆ ಇದ್ದಿದ್ದರೆ ಆ ಹೆಂಗಸಿನ ವ್ರತ ಉಳಿಯುತ್ತಿತ್ತು.

ಆಮೇಲೆ ನಿನ್ನ ಕಾಗದ ತೆಗೆದು ಪುನಃ ಓದಿದೆ.

ಹರ್ಷಿಣಿ, ನೀನು ಕೇಳಿದ್ದಕ್ಕೆ ಉತ್ತರ ಬರೆಯಬೇಕು. ಇದೆ ಅಂತ ಬರೆದುಬಿಡುವ ಅಂತ ಕೂತೆ. ಬರೆದರೆ ನೀನು ಬರುತ್ತಿ. ನನಗೆ ನೀನು ಬರಬೇಕು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ದಿನ ನಾನು ಎಂತ ಮನಸ್ಸಿನಲ್ಲಿ ಬರೆದೆ ಅಂತ ನನಗೆ ಗೊತ್ತು. ಮಧ್ಯಾಹ್ನ ಸುರೇಶ ಫೋನ್ ಮಾಡಿ ಮಲ್ಲಿಗೆ ಮುಡಿದದ್ದು, ನಕ್ಕದ್ದು ಎಲ್ಲ ಹೇಳಿದ. ಸಂಜೆ ಆ ಹೆಂಗಸರು ಬಂದು ಹೋದರು. ಆಮೇಲೆ ಕಾಗದ ತೆಗೆದೆ. ಕೂತಾಗ ನಿನ್ನ ಮೇಲೆ ಸಿಟ್ಟಿತ್ತು. ನನ್ನ ಮಗ ಹೋದ, ಇವಳು ನಗುತ್ತಾಳೆ ಅಂತ. ಬರೆಯುತ್ತಾ ಬರೆಯುತ್ತಾ ಸಿಟ್ಟು ಆ ಹೆಂಗಸರ ಮೇಲೆ ಹೋಯಿತು. ಅವರ ಎದುರು ನನ್ನ ಪಕ್ಕ ನಿಲ್ಲುವವಳು ನೀನೊಬ್ಬಳೇ ಅಂತ ಅನಿಸಿತು. ಆ ಸಾಲು ಬರೆಯುವಾಗ ಸಿಟ್ಟು ಯಾವ ಕಡೆ ಇತ್ತು ಅಂತ ಕೇಳಿದರೆ, ಎರಡೂ ಕಡೆ ಇತ್ತು. ಗೆರೆ ಹಾಕಿಯೂ ಓದಿದೆ, ಹಾಕದೆಯೂ ಓದಿದೆ. ಎರಡೂ ನಾನೇ ಬರೆದದ್ದು. ನಿನ್ನ ಅಲ್ಪವಿರಾಮಕ್ಕೆ ಒಂದೇ ಜಾಗ ಬೇಕಲ್ಲ, ನನ್ನ ಹತ್ತಿರ ಅದಿಲ್ಲ.

ಇನ್ನೊಂದು ಉಂಟು. ನೀನು ಪ್ರತಿಸಲ ಅಲ್ಪವಿರಾಮ ಅಂತಲೇ ಬರೆಯುತ್ತಿ. ಊರಿನಲ್ಲಿ ನಾವೆಲ್ಲ ಅದನ್ನು ಕೋಮಾ ಅಂತ ಹೇಳುವುದು, ನೀನೂ ಹಾಗೇ ಹೇಳುತ್ತಿದ್ದವಳು. ಯಾಕೆ ಬಿಟ್ಟಿ ಅಂತ ನನಗೆ ಗೊತ್ತಾಗಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಕೋಮಾ ಮೇಂ ಹೈ ಅಂದಾಗ ನೀನು ಗೋಡೆ ಹಿಡಿದೆ. ನಾನು ಹಿಡಿಯಲಿಲ್ಲ. ಎಂತಕ್ಕೆ ಹೇಳಲಾ? ಆ ಗಳಿಗೆಯಲ್ಲಿ ನನ್ನ ತಲೆಗೆ ಹೋದದ್ದು ಶಾಲೆಯ ಕೋಮಾ. ಕೋಮಾ ಇದ್ದರೆ ವಾಕ್ಯ ಮುಗಿಯಲಿಲ್ಲ, ಮುಂದೆ ಇನ್ನೂ ಉಂಟು ಅಂತ ನಮ್ಮ ಟೀಚರು ಹೇಳಿಕೊಟ್ಟಿದ್ದರು. ಹಾಗಾದರೆ ಮುಂದೆ ಉಂಟು ಅಂತ ನನಗೆ ಧೈರ್ಯ ಬಂತು. ಆ ಧೈರ್ಯದಲ್ಲೇ ಕ್ಯಾಂಟೀನಿಗೆ ಹೋಗಿ ನಿನಗೆ ಚಹಾ ತಂದೆ. ಇದನ್ನು ಯಾರಿಗೂ ಹೇಳಿಲ್ಲ. ದಡ್ಡಿ ಅಂತಾರೆ.

ನೀನು ಕಳಿಸಿದ ಆ ಫೋಟೋ ನೋಡಿದೆ. ಅವನ ಫೋನು ನನ್ನ ಹತ್ತಿರ ಉಂಟು, ಚಾರ್ಜ್ ಮಾಡಿ ಇಟ್ಟಿರುತ್ತೇನೆ. ಮಾರ್ಚಿನಲ್ಲಿ ಅದು ಒಮ್ಮೆ ಟಣ್ ಅಂದದ್ದು ಕೇಳಿತ್ತು. ತೆಗೆದು ನೋಡಲಿಕ್ಕೆ ನನಗೆ ಆಗಿರಲಿಲ್ಲ. ನಿನ್ನ ಕಾಗದ ಬಂದ ಮೇಲೆ ನೋಡಿದೆ. ಒಳ್ಳೆ ಬೋರ್ಡು.

ಬಾ ಅಂತ ಬರೆಯಲು ನನಗೆ ಮುಖ ಇಲ್ಲ. ಬೇಡ ಅಂತ ಬರೆಯಲಿಕ್ಕೂ ಆಗುವುದಿಲ್ಲ. ನಿನಗೆ ಸರಿ ಕಂಡದ್ದು ಮಾಡು.

ಅಮ್ಮಣ್ಣಿ


ಪುತ್ತೂರು
24 ಜುಲೈ 2025

ಪ್ರೀತಿಯ ಅತ್ತೆಗೆ,

ನಿಮ್ಮ ಪತ್ರ ಮೊನ್ನೆ ಬಂತು. ಅಲ್ಪವಿರಾಮಗಳು ಮೊದಲ ಕೆಲವು ಸಾಲಿನಲ್ಲಿ ಮಾತ್ರ ಹೆಚ್ಚಾಗಿವೆ, ಆಮೇಲೆ ಒಂದನ್ನೂ ತೆಗೆಯಬೇಕಾಗಿಲ್ಲ. ನಮ್ಮ ಆಫೀಸಿಗೆ ಹೊಸದಾಗಿ ಸೇರುವವರು ಇಷ್ಟಕ್ಕೆ ಮೂರು ತಿಂಗಳು ತೆಗೆದುಕೊಳ್ಳುತ್ತಾರೆ.

ಇದೆ ಎಂದು ಬರೆದಿದ್ದರೆ ನಾನು ನಂಬುತ್ತಿದ್ದೆ. ಬಂದು, ಒಳಗಿನ ಕೋಣೆಯಲ್ಲಿ ಇದ್ದುಕೊಂಡು, ಯಾವತ್ತು ಇನ್ನೊಂದು ಅರ್ಥ ಹೊರಗೆ ಬರುತ್ತದೋ ಎಂದು ನಿಮಗೆ ಹೆದರಿ ನಡೆದುಕೊಳ್ಳುತ್ತಿದ್ದೆ.

ಅತ್ತೆ, ಇಲ್ಲಿ ಎಲ್ಲರೂ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತಾರೆ. ಅಣ್ಣ, ಅಮ್ಮ, ಚಿಕ್ಕಮ್ಮ ಯಾರನ್ನು ಏನು ಕೇಳಿದರೂ ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು ಎನ್ನುತ್ತಾರೆ. ತಿಲಕ್ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತದೆ ಇದ್ದರೆ ನನಗೆ ಒಳ್ಳೆಯದಾಗುತ್ತದೆ ಎಂದು ಅವರ ನಂಬಿಕೆ. ನಾನು ತಿಲಕ್ ಅವರನ್ನು ಬೇಗ ಮರೆಯಲಿ ಎಂದು ಮನೆಯವರೆಲ್ಲ ಸೇರಿ ಕಾಯುತ್ತಿದ್ದಾರೆ. ನನ್ನ ಮಗನನ್ನು ಮರೆತೆಯಾ ಎಂದು ನನ್ನ ಮೇಲೆ ಸಿಟ್ಟಾದವರು ಇಡೀ ಲೋಕದಲ್ಲಿ ನೀವೊಬ್ಬರೇ.

ನಿಮ್ಮ ಮಾರ್ಚಿನ ಪತ್ರ ಓದಿದ ದಿನ ನಾನು ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದೆ. ಅಮ್ಮ ಗಾಬರಿಯಾಗಿ ಓಡಿ ಬಂದರು. ಜನವರಿಯಿಂದ ಆ ದಿನದವರೆಗೆ ನಾನು ಅಷ್ಟು ದೊಡ್ಡ ಶಬ್ದ ಮಾಡಿದ್ದೇ ಇರಲಿಲ್ಲ. ಅಂದು ಮಧ್ಯಾಹ್ನ ಹಸಿವಾಯಿತು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ, ಉಣ್ಣುತ್ತಾ ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡೆ. ಮಾರನೆಯ ದಿನ ಪುನಃ ಮೊದಲಿನ ಹಾಗೆಯೇ ಆದೆ. ಈಗಲೂ ಹಾಗೆಯೇ ಇದ್ದೇನೆ. ಅಲ್ಲಿಗೆ ಬಂದ ಮೇಲೆ ಸರಿಹೋಗುತ್ತೇನೆ ಎಂದು ನಾನು ಹೇಳುತ್ತಿಲ್ಲ. ನೀವೂ ಸರಿಹೋಗಿಲ್ಲ, ನನಗೆ ಗೊತ್ತು.

ರಾಜೀನಾಮೆ ಹರಿದು ಹಾಕಿದೆ. ಇಪ್ಪತ್ತೆಂಟರ ಮಂಗಳಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಸಿಕ್ಕಿದೆ. ಅಣ್ಣನಿಗೆ ಹೇಳಿದೆ, ಅವನು ಅನುಕೂಲವಾದ ಹಾಗೆ ಮಾಡು ಎಂದ. ಮೂವತ್ತರ ಮಧ್ಯಾಹ್ನ ನಿಜಾಮುದ್ದೀನ್ ಸ್ಟೇಷನ್ನಿಗೆ ಬರುತ್ತೇನೆ. ಮಳೆಗಾಲದ ಗಾಡಿ, ತಡವಾದರೆ ಕಾಯಬೇಕಾದೀತು. ಅಷ್ಟರೊಳಗೆ ತಲುಪಲಿ ಎಂದು ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ತನಿಯಪ್ಪನನ್ನು ಕಳಿಸಬೇಡಿ, ನೀವೇ ಬನ್ನಿ. ನನ್ನ ಮೇಲಿನ ಸಿಟ್ಟು ಉಳಿದಿದ್ದರೆ ಮನೆಯವರೆಗೆ ತಡೆದುಕೊಳ್ಳಬೇಡಿ. ಪ್ಲಾಟ್‌ಫಾರ್ಮಿನಲ್ಲೇ, ನಾಲ್ಕು ಜನರ ಎದುರು, ಗಟ್ಟಿಯಾಗಿ ಬೈಯಿರಿ.

ನಿಮ್ಮ ಸೊಸೆ,
ಹರ್ಷಿಣಿ